ಕತ್ತೆಗಳು ಸಿಕ್ಕವು, ಎವರೆಟ್ ರೂಸ್ ಸಿಗಲಿಲ್ಲ
ಎವರೆಟ್ ರೂಸ್, ಇಪ್ಪತ್ತರ ಹರೆಯದ ಅಮೆರಿಕನ್ ಚಿತ್ರಕಾರ. 1934ರ ನವೆಂಬರ್‌ನಲ್ಲಿ ಎರಡು ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಯೂಟಾದ ಎಸ್ಕಲಾಂಟೆ ಊರಿನಿಂದ ಕೆಂಪು ಬಂಡೆಗಳ ಕಣಿವೆಯತ್ತ ಹೊರಟ. ಅವನನ್ನು ಕೊನೆಯದಾಗಿ ಕಂಡವರು ಕುರಿಗಾಹಿಗಳು.

ಮರುವರ್ಷ ಹುಡುಕಹೊರಟವರಿಗೆ ಡೇವಿಸ್ ಗಲ್ಚ್ ಎಂಬ ಕೊರಕಲಿನಲ್ಲಿ ಕತ್ತೆಗಳು ಸಿಕ್ಕವು. ಬಂಡೆಯ ಮೇಲೆ ‘ನೀಮೋ 1934’ ಎಂದು ಕೆತ್ತಿತ್ತು; ನೀಮೋ ಎಂದರೆ ಲ್ಯಾಟಿನ್‌ನಲ್ಲಿ ‘ಯಾರೂ ಅಲ್ಲ’. ದಿನಚರಿಯಾಗಲಿ, ಚಿತ್ರಗಳಾಗಲಿ ಇರಲಿಲ್ಲ.

ಜಾರಿಬಿದ್ದ, ನದಿಯಲ್ಲಿ ಮುಳುಗಿದ, ದನಗಳ್ಳರು ಕೊಂದರು, ಬೇಕೆಂದೇ ತಲೆಮರೆಸಿಕೊಂಡ: ಊಹೆಗಳಿಗೇನೂ ಬರವಿಲ್ಲ. ಕಡಿದಾದ ಬಂಡೆ ಹತ್ತುವ ಅವನ ಹುಚ್ಚು ನೋಡಿದರೆ ಮೊದಲನೆಯದೇ ಹೆಚ್ಚು ನಂಬುವಂತಿದೆ.

2009ರಲ್ಲಿ, ಯೂಟಾದ ಕೋಂಬ್ ರಿಜ್ ಎಂಬ ಬಂಡೆಸಾಲಿನಲ್ಲಿ ಸಿಕ್ಕ ಮೂಳೆಗಳು ಅವನವೇ ಎಂದು ಡಿಎನ್‌ಎ ಪರೀಕ್ಷೆ ಹೇಳಿತು. ದೊಡ್ಡ ಸುದ್ದಿಯೂ ಆಯಿತು. ಅದೇ ವರ್ಷ ಸೇನೆಯ ಪ್ರಯೋಗಾಲಯ ಮತ್ತೆ ಪರೀಕ್ಷಿಸಿದಾಗ, ಅವು ಬೇರೆ ಯಾರದೋ ಎಂದು ತಿಳಿಯಿತು.