ಕಾಡೊಳಗಿನ ತೋಳಜೇಡ

ಕತ್ತಲಾದ ಮೇಲೆ ಟಾರ್ಚ್ ಹಿಡಿದು ಶಾಲೆಯ ಆಟದ ಬಯಲಿಗೆ ಹೋಗಿ. ಟಾರ್ಚನ್ನು ಹಣೆಯ ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿದು ಹುಲ್ಲಿನ ಮೇಲೆ ಬೆಳಕು ಹಾಯಿಸಿ. ಅಲ್ಲಲ್ಲಿ ನಸುಹಸಿರು ಚುಕ್ಕೆಗಳು ಹೊಳೆಯಬಹುದು. ಇಬ್ಬನಿ ಇರಬೇಕೆಂದು ಹತ್ತಿರ ಹೋದರೆ ಚುಕ್ಕೆ ಓಡಿಬಿಡುತ್ತದೆ! ಅದು ತೋಳಜೇಡದ ಕಣ್ಣು. ಬೆಕ್ಕಿನ ಕಣ್ಣಿನಲ್ಲಿರುವಂತೆ ಅದರಲ್ಲೂ ಬೆಳಕನ್ನು ಪ್ರತಿಫಲಿಸುವ ಪದರವಿದೆ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದರಿಂದ, ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಹೊಳಪು ಕಾಣುವುದಿಲ್ಲ.

ತೋಳಜೇಡಗಳು ಲೈಕೋಸಿಡೇ ಕುಟುಂಬಕ್ಕೆ ಸೇರಿದವು. ಈ ಕುಟುಂಬದಲ್ಲಿ ಸುಮಾರು 2,500 ಪ್ರಭೇದಗಳಿವೆ. ಇವುಗಳ ಎಂಟು ಕಣ್ಣುಗಳು ಮೂರು ಸಾಲಾಗಿರುತ್ತವೆ: ಮುಂದೆ ನಾಲ್ಕು ಸಣ್ಣವು, ಅದರ ಮೇಲೆ ಎರಡು ದೊಡ್ಡವು, ಹಿಂದೆ ಇನ್ನೆರಡು. ತಾಯಿ ತನ್ನ ಮೊಟ್ಟೆಚೀಲವನ್ನು ನೂಲುವ ಅಂಗಕ್ಕೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಅವನ್ನು ಬೆನ್ನ ಮೇಲೆ ಹೊರುತ್ತದೆ. ಹೆಚ್ಚಿನವು ಬಲೆ ಹೆಣೆಯದೆ ನೆಲದ ಮೇಲೆ ಓಡಾಡಿ ಬೇಟೆಯಾಡುತ್ತವೆ. ಅಪವಾದಗಳೂ ಉಂಟು. ನಮ್ಮಲ್ಲಿ ಇಬ್ಬನಿ ಬಿದ್ದ ಬೆಳಗಿನಲ್ಲಿ ಹುಲ್ಲುಹಾಸಿನ ಮೇಲೆ ಕಾಣುವ ಆಲಿಕೆಯಾಕಾರದ ಬಲೆಗಳಲ್ಲಿ ಹಲವು ಹಿಪ್ಪಾಸ ಎಂಬ ತೋಳಜೇಡದವು. ಹೆಸರಿನಲ್ಲಿ ತೋಳವಿದ್ದರೂ ಇವು ಗುಂಪು ಕಟ್ಟಿ ಬೇಟೆಯಾಡುವುದಿಲ್ಲ. ಹೆಸರಿಟ್ಟವರು ಅಷ್ಟು ಯೋಚಿಸಿರಲಿಕ್ಕಿಲ್ಲ.

ಹೊಲ, ಹುಲ್ಲುಗಾವಲು, ನದೀತೀರ, ಮರಳು ದಿಬ್ಬ – ಹೀಗೆ ತೆರೆದ ಜಾಗಗಳಲ್ಲೇ ಈ ಕುಟುಂಬ ಹೆಚ್ಚು. ಬೆಲ್ಜಿಯಂನ ಜೇಡತಜ್ಞರಾದ ರೂಡಿ ಜೋಕೆ ಮತ್ತು ಮಾರ್ಕ್ ಆಲ್ಡರ್‌ವೈರೆಲ್ಟ್ 2005ರಲ್ಲಿ ಇದಕ್ಕೊಂದು ವಿವರಣೆ ನೀಡಿದರು. ಭೂಮಿಯ ಮೇಲೆ ಹುಲ್ಲುಗಾವಲುಗಳು ಹರಡಿದಂತೆ ತೋಳಜೇಡಗಳೂ ಕವಲೊಡೆದು ಹರಡಿದವು ಎಂಬುದು ಅವರ ವಾದ. ಲೈಕೋಸಿಡೇ ಎಂದರೆ ‘ಹುಲ್ಲುಗಾವಲಿನ ಜೇಡಗಳು’ ಎಂದೇ ಅವರು ಕರೆದರು. ಮರಗಳು ದಟ್ಟವಾಗಿ ಮುಚ್ಚಿದ ಕಾಡಿನೊಳಗೆ ಇವು ವಿರಳ.

ಅದೇ ಇಬ್ಬರು ಆಂಟನಿ ರಸೆಲ್-ಸ್ಮಿತ್ ಅವರೊಡನೆ ಸೇರಿ 2011ರಲ್ಲಿ ಮಡಗಾಸ್ಕರ್‌ನ ಕಾಡುಗಳಿಂದ ಒಂದು ಹೊಸ ತೋಳಜೇಡ ಕುಲವನ್ನೇ ವರ್ಣಿಸಿದರು. ಅದರ ಹೆಸರು ಕಟಾಬ್ಲೆಪ್ಸ್. ಅದರ ಒಂದು ಪ್ರಭೇದ ಕಟಾಬ್ಲೆಪ್ಸ್ ಮಸೋಆಲ. ದ್ವೀಪದ ಈಶಾನ್ಯದಲ್ಲಿರುವ ಮಸೋಆಲ ಪರ್ಯಾಯದ್ವೀಪದ ಹೆಸರು ಅದಕ್ಕೆ ಬಂದಿದೆ. ಇನ್ನೊಂದು ಕಟಾಬ್ಲೆಪ್ಸ್ ಪೆರಿನೆ. ಪೆರಿನೆ ಎಂಬುದು ಈಗ ಅಂಡಸಿಬೆ ಎನಿಸಿಕೊಂಡಿರುವ ಊರಿನ ಹಳೆಯ ಹೆಸರು. ಹುಲ್ಲುಗಾವಲಿನ ಕುಟುಂಬವೆಂದು ವಾದಿಸಿದವರೇ ಕಾಡಿನ ಸದಸ್ಯರನ್ನೂ ಪರಿಚಯಿಸಬೇಕಾಯಿತು ನೋಡಿ. ಆದರೆ ಇದರಿಂದ ಮೊದಲಿನ ವಾದ ಬಿದ್ದುಹೋಗುವುದಿಲ್ಲ. ಕಾಡಿನ ಜೇಡದ ಪೂರ್ವಜರು ಎಂದೂ ಕಾಡು ಬಿಟ್ಟಿರಲಿಲ್ಲವೋ ಅಥವಾ ಬಯಲಿನಿಂದ ಕಾಡಿಗೆ ಮರಳಿದವೋ ಎಂಬ ಪ್ರಶ್ನೆ ಏಳುತ್ತದೆ, ಅಷ್ಟೆ. ಹೊರರೂಪವನ್ನಷ್ಟೇ ನೋಡಿ ಇದನ್ನು ತೀರ್ಮಾನಿಸಲಾಗದು. ಡಿಎನ್‌ಎ ಹೋಲಿಕೆಯೂ ಬೇಕು.

ಹೊಸ ಪ್ರಭೇದ ಎಂದು ನಿರ್ಧರಿಸುವುದು ಹೇಗೆ? ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಣ್ಣ, ಪಟ್ಟೆ, ಗಾತ್ರ ಎನ್ನುತ್ತಾರೆ. ಇವು ನಂಬಿಕೆಗೆ ಅರ್ಹವಲ್ಲ. ಒಂದೇ ಪ್ರಭೇದದಲ್ಲಿ ಬಣ್ಣ ಬದಲಾಗುತ್ತದೆ, ಆಲ್ಕೋಹಾಲಿನಲ್ಲಿಟ್ಟ ಮಾದರಿಯಲ್ಲಿ ಮಾಸುತ್ತದೆ. ತಜ್ಞರು ನೋಡುವುದು ಜನನಾಂಗಗಳ ರಚನೆಯನ್ನು. ಗಂಡು ಜೇಡದ ಬಾಯಿಯ ಪಕ್ಕದಲ್ಲಿ ಪುಟ್ಟ ಕಾಲಿನಂತಹ ಎರಡು ಸ್ಪರ್ಶಾಂಗಗಳಿವೆ. ಅವುಗಳ ಉಬ್ಬಿದ ತುದಿಯೇ ವೀರ್ಯವನ್ನು ಹೆಣ್ಣಿಗೆ ದಾಟಿಸುವ ಸಾಧನ. ಅದರ ಕೊಕ್ಕೆ, ಫಲಕ, ಮುಳ್ಳುಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಹೆಣ್ಣಿನ ಹೊಟ್ಟೆಯಡಿಯ ಗಟ್ಟಿ ಫಲಕವೂ ಹಾಗೆಯೇ. ಮರಿಗಳಲ್ಲಿ ಇವು ಬೆಳೆದಿರುವುದಿಲ್ಲ. ಹೀಗಾಗಿ ಮರಿಜೇಡ ಸಿಕ್ಕರೆ ಎಷ್ಟೋ ಸಲ ಅದರ ಪ್ರಭೇದ ಹೇಳಲು ಬರುವುದಿಲ್ಲ.

ಆದ್ದರಿಂದ ಹೊಸ ಪ್ರಭೇದವನ್ನು ಗುರುತಿಸುವ ಕೆಲಸ ಕಾಡಿಗಿಂತ ಹೆಚ್ಚಾಗಿ ಸೂಕ್ಷ್ಮದರ್ಶಕದ ಮುಂದೆ ನಡೆಯುತ್ತದೆ. ಈವರೆಗೆ ವರ್ಣಿತವಾದ ಹತ್ತಿರದ ಪ್ರಭೇದಗಳೆಲ್ಲದರ ಚಿತ್ರ, ವಿವರಣೆಗಳೊಡನೆ ಹೋಲಿಸಬೇಕು. ಜೇಡಗಳ ನಾಮಕರಣ ಸ್ವೀಡನ್ನಿನ ಕಾರ್ಲ್ ಕ್ಲರ್ಕ್‌ನ 1757ರ ಪುಸ್ತಕದಿಂದ ಲೆಕ್ಕಕ್ಕೆ ಬರುತ್ತದೆ. ಅಲ್ಲಿಂದ ಇಲ್ಲಿಯವರೆಗಿನ ಬರಹವನ್ನೆಲ್ಲ ಜಾಲಾಡಬೇಕು. ಹಿಂದೆ ಒಬ್ಬರು ಗಂಡನ್ನೂ ಇನ್ನೊಬ್ಬರು ಹೆಣ್ಣನ್ನೂ ಬೇರೆ ಬೇರೆ ಹೆಸರಿನಲ್ಲಿ ವರ್ಣಿಸಿ, ಕೊನೆಗೆ ಎರಡೂ ಒಂದೇ ಎಂದು ತಿಳಿದುಬಂದ ಉದಾಹರಣೆಗಳು ಬೇಕಾದಷ್ಟಿವೆ. ಹೆಸರಿಟ್ಟ ಮೇಲೆ ಒಂದು ಮಾದರಿಯನ್ನು ‘ಹೋಲೊಟೈಪ್’ ಎಂದು ಸಾಮಾನ್ಯವಾಗಿ ವಸ್ತುಸಂಗ್ರಹಾಲಯದಲ್ಲಿಡುತ್ತಾರೆ. ಮುಂದೆ ಸಂಶಯ ಬಂದಾಗ ಆ ಹೆಸರು ಯಾವ ಜೀವಿಯದು ಎಂದು ತೀರ್ಮಾನಿಸುವುದು ಆ ಸೀಸೆಯೊಳಗಿನ ಜೇಡವೇ.

ಇಷ್ಟೆಲ್ಲ ನಿಧಾನದ ಕೆಲಸಕ್ಕೆ ಕಾಡು ಕಾಯುತ್ತದೆಯೆ? 1953ರಿಂದ 2014ರವರೆಗೆ ಮಡಗಾಸ್ಕರ್‌ನ ಸಹಜ ಅರಣ್ಯದಲ್ಲಿ ಶೇ. 44ರಷ್ಟು ನಾಶವಾಯಿತು. ಮಸೋಆಲವನ್ನೊಳಗೊಂಡ ಪೂರ್ವದ ಮಳೆಕಾಡುಗಳು 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೆಲೆಬಾಳುವ ಮರಗಳ ಕಳ್ಳಸಾಗಣೆಯಿಂದಾಗಿ 2010ರಲ್ಲಿ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೂ ಸೇರಿದವು. ಆ ಪಟ್ಟಿಯಿಂದ ಹೊರಬರಲು 2025ರವರೆಗೆ ಕಾಯಬೇಕಾಯಿತು. ಬಯಲಿನ ತೋಳಜೇಡಕ್ಕೆ ಕಾಡು ಕಡಿದರೆ ಜಾಗ ಹೆಚ್ಚಬಹುದು. ತರಗೆಲೆಯ ತೇವದಲ್ಲಿ, ನೆರಳಿನಲ್ಲಿ ಬಾಳುವ ಕಟಾಬ್ಲೆಪ್ಸ್‌ಗೆ ಹಾಗಲ್ಲ.

ನಿಮ್ಮ ತರಗತಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿಸಬಹುದು. ಒಂದೇ ರಾತ್ರಿ, ಹಿರಿಯರ ಜೊತೆಯಲ್ಲಿ, ಆಟದ ಬಯಲಿನಲ್ಲಿ ಹತ್ತು ಹೆಜ್ಜೆ ಉದ್ದಗಲದ ಜಾಗದಲ್ಲಿ ಹೊಳೆಯುವ ಕಣ್ಣುಗಳನ್ನು ಎಣಿಸಿ. ನಂತರ ಹತ್ತಿರದ ದಟ್ಟ ನೆರಳಿನ ತೋಟದಲ್ಲಿ ಅಷ್ಟೇ ಜಾಗದಲ್ಲಿ ಎಣಿಸಿ. ಎಲೆಯ ಮೇಲಿನ ನೀರಹನಿಯೂ ಹೊಳೆಯುತ್ತದೆ. ಹತ್ತಿರ ಹೋಗಿ ಖಚಿತಪಡಿಸಿಕೊಳ್ಳಿ. ಜೇಡವನ್ನು ಹಿಡಿಯುವ ಅಗತ್ಯವಿಲ್ಲ. ಎರಡೂ ಸಂಖ್ಯೆಗಳ ಜೊತೆಗೆ ತಿಂಗಳು ಮತ್ತು ಮಳೆಯ ಸ್ಥಿತಿಯನ್ನು ಬರೆದಿಟ್ಟು, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಎಣಿಸಿ.