ನಾಯಕಿ ನಡೆದ ದಾರೀಲಿ ಜನಜಾತ್ರೆ!

ಶೂಟಿಂಗ್ ನಡೆದ ಜಾಗಕ್ಕೆ ಅಭಿಮಾನಿಗಳು ಮುಗಿಬೀಳೋದು ಹೊಸದೇನಲ್ಲ. ಆದರೆ 4,265 ಕಿಲೋಮೀಟರ್ ಉದ್ದದ ಕಾಲುದಾರಿಗೇ ಮುಗಿಬಿದ್ದರೆ?

ಅದು ಅಮೆರಿಕದ 'ಪೆಸಿಫಿಕ್ ಕ್ರೆಸ್ಟ್ ಟ್ರೇಲ್'. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರೆಗೆ ಮರಳುಗಾಡು, ಹಿಮದ ಬೆಟ್ಟ, ದಟ್ಟ ಕಾಡು! ತಾಯಿಯನ್ನು ಕಳಕೊಂಡು ಕಂಗೆಟ್ಟಿದ್ದ ಶೆರಿಲ್ ಸ್ಟ್ರೇಡ್ 1995ರಲ್ಲಿ ಇಲ್ಲಿ ಒಂಟಿಯಾಗಿ ಸುಮಾರು 1,770 ಕಿ.ಮೀ. ನಡೆದರು. ಆ ಅನುಭವ 2012ರಲ್ಲಿ ಪುಸ್ತಕವಾಯ್ತು. 2014ರಲ್ಲಿ ರೀಸ್ ವಿದರ್‌ಸ್ಪೂನ್ ನಾಯಕಿಯಾಗಿ 'ವೈಲ್ಡ್' ಚಿತ್ರ ತೆರೆಗೆ ಬಂತು.

ಪರಿಣಾಮ? 2013ರಲ್ಲಿ ದೂರ ನಡಿಗೆಯ ಪರ್ಮಿಟ್ ಪಡೆದವರು ಸುಮಾರು 1,900 ಮಂದಿ. 2015ರಲ್ಲಿ 4,400ಕ್ಕೂ ಹೆಚ್ಚು! ಎಲ್ಲಾ ಸಿನಿಮಾದ ಮಹಿಮೆ ಅನ್ನೋ ಹಾಗಿಲ್ಲ. ಪುಸ್ತಕದ ಪಾಲೂ ಇದೆ.

ಜನ ಒಟ್ಟಿಗೆ ನುಗ್ಗಿದರೆ ಡೇರೆ ಹಾಕೋ ಜಾಗ ಹಾಳು, ನೀರಿನ ಆಸರೆಯೂ ಹೊಲಸು. ಅದಕ್ಕೇ ಸೀಸನ್‌ನಲ್ಲಿ ಮೆಕ್ಸಿಕೋ ಗಡಿಯಿಂದ ದೂರ ಹೊರಡೋರಿಗೆ ದಿನಕ್ಕೆ 50 ಪರ್ಮಿಟ್ ಮಾತ್ರ. ಆಮೇಲೆ 'ಹೌಸ್‌ಫುಲ್' ಬೋರ್ಡೇ!

ಚಿತ್ರದಲ್ಲಿ ನಾಯಕಿ ಎತ್ತಲಾರದ ಮೂಟೆ ಹೊತ್ತು ಒದ್ದಾಡ್ತಾಳೆ. ಕಾಲ್ಬೆರಳಿನ ಉಗುರು ಕಿತ್ತುಬರುತ್ತೆ, ಬೂಟು ಪ್ರಪಾತಕ್ಕೆ ಬೀಳುತ್ತೆ. ಎರಡು ಗಂಟೆ ಕೂತು ನೋಡೋಕೆ ಸೊಗಸು. ತಯಾರಿಯಿಲ್ಲದೆ ಹೊರಟರೆ ಮಾತ್ರ, ಆ ಕಾಡಲ್ಲಿ 'ಕಟ್' ಅನ್ನೋಕೆ ನಿರ್ದೇಶಕ ಇರಲ್ಲ, ಮಾರಾಯ್ರೇ!