ಥೈರಾಯ್ಡ್ ಗುಳಿಗೆಯೂ ಖನಿಜಾಂಶದ ಗುಳಿಗೆಗಳೂ

ಕಂಠದ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಥೈರಾಕ್ಸಿನ್ ಎಂಬ ರಸವನ್ನು ಸಾಕಷ್ಟು ಸ್ರವಿಸದಿದ್ದಾಗ ದೇಹದ ವ್ಯಾಪಾರಗಳೆಲ್ಲ ಮಂದವಾಗುತ್ತವೆ. ಆಯಾಸ, ಮಲಬದ್ಧತೆ, ತೂಕದ ಏರಿಕೆ, ಕೂದಲುದುರುವಿಕೆ ಇದರ ಲಕ್ಷಣಗಳು. ಈ ಊನವು ವಿರಳವೇನಲ್ಲ. ಎಡಪ್ಪಳ್ಳಿಯ ಅಮೃತಾ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರು ಕೊಚ್ಚಿಯ 971 ಮಂದಿ ವಯಸ್ಕರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ ಶೇ. 3.9 ಮಂದಿಯಲ್ಲಿ ಈ ಊನವೂ, ಶೇ. 9.4 ಮಂದಿಯಲ್ಲಿ ಅದರ ಸುಪ್ತಾವಸ್ಥೆಯೂ ಕಂಡುಬಂದವು. ಸುಪ್ತಾವಸ್ಥೆಯು ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕವಾಗಿತ್ತು.

ಚಿಕಿತ್ಸೆ ಸರಳವೇ: ದಿನಕ್ಕೊಂದು ಥೈರಾಕ್ಸಿನ್ ಗುಳಿಗೆ. ತೊಡಕು ಹುಟ್ಟುವುದು ಅದರ ಜೊತೆಗೆ ನುಂಗುವ ಇತರ ಗುಳಿಗೆಗಳಿಂದ. ಊರಿನಿಂದ ಮಗನ ಮನೆಗೆ ಬಂದ ವೃದ್ಧ ತಾಯಿಯ ಸ್ಥಿತಿಯನ್ನು ನೋಡಿ. ಥೈರಾಯ್ಡ್ ಗುಳಿಗೆಯನ್ನು ಬರೆದುಕೊಟ್ಟವರು ಊರಿನ ವೈದ್ಯರು. ಮಂಡಿನೋವಿಗೆ ಕ್ಯಾಲ್ಸಿಯಂ, ರಕ್ತಹೀನತೆಗೆ ಕಬ್ಬಿಣಾಂಶ ಕೊಟ್ಟವರು ಇಲ್ಲಿನ ವೈದ್ಯರು. ಒಬ್ಬರ ಚೀಟಿಯನ್ನು ಇನ್ನೊಬ್ಬರು ಕಂಡಿಲ್ಲ. ಮರೆತುಹೋದೀತೆಂಬ ಭಯದಿಂದ ಸೊಸೆ ಮೂರನ್ನೂ ಬೆಳಗಿನ ತಿಂಡಿಯೊಡನೆ ಅಂಗೈಗೆ ಹಾಕುತ್ತಾಳೆ.

ಕ್ಯಾಲ್ಸಿಯಂ ಮತ್ತು ಕಬ್ಬಿಣಗಳು ಜೀರ್ಣಾಂಗದಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತ ಸೇರದಂತೆ ತಡೆಯುತ್ತವೆ. ಚೆಕ್ಕು ಕೈಗೆ ಬಂದರೂ ಖಾತೆಗೆ ಜಮೆಯಾಗದಂತಹ ಪರಿಸ್ಥಿತಿ. ಆಗ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯು ‘ಥೈರಾಕ್ಸಿನ್ ಸಾಲದು’ ಎಂದು ಸೂಚಿಸುವ ಟಿ.ಎಸ್.ಎಚ್. ಅನ್ನು ಹೆಚ್ಚಾಗಿ ಸ್ರವಿಸುತ್ತದೆ. ಕೆನಡಾದಲ್ಲಿ 14 ರೋಗಿಗಳಿಗೆ ಥೈರಾಕ್ಸಿನ್ ಜೊತೆಯಲ್ಲಿಯೇ 300 ಮಿ.ಗ್ರಾಂ. ಫೆರಸ್ ಸಲ್ಫೇಟ್ ಕೊಟ್ಟು ನೋಡಿದಾಗ, 12 ವಾರಗಳಲ್ಲಿ ಅವರ ಟಿ.ಎಸ್.ಎಚ್. ಸರಾಸರಿ 1.6ರಿಂದ 5.4ಕ್ಕೆ ಏರಿತೆಂದು 1992ರಲ್ಲಿ ವರದಿಯಾಯಿತು.

ಕಾರಣವರಿಯದ ವೈದ್ಯರು ಪ್ರಮಾಣವನ್ನು ಹೆಚ್ಚಿಸುವುದು ಸಹಜ. ಕೆಲವು ತಿಂಗಳ ತರುವಾಯ ಕಬ್ಬಿಣಾಂಶದ ಗುಳಿಗೆ ನಿಂತಾಗ ಆ ಹೆಚ್ಚಿನ ಪ್ರಮಾಣವೆಲ್ಲ ರಕ್ತಕ್ಕೆ ಸೇರಿ ಎದೆಬಡಿತ, ಕೈನಡುಕ, ನಿದ್ರಾಹೀನತೆಗಳು ತಲೆದೋರಬಹುದು. ಗರ್ಭಿಣಿಯರ ವಿಷಯವಂತೂ ಇನ್ನೂ ಗಂಭೀರವಾದುದು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳಿನ ಬೆಳವಣಿಗೆಯು ತಾಯಿಯ ಥೈರಾಕ್ಸಿನ್ ಅನ್ನು ಅವಲಂಬಿಸಿದೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳನ್ನು ಹೆಚ್ಚಾಗಿ ಕೊಡುವುದೂ ಬಸಿರಿನಲ್ಲಿಯೇ. ಹಾಗೆಂದು ಇವುಗಳಲ್ಲಿ ಯಾವುದನ್ನೂ ತಾವಾಗಿ ನಿಲ್ಲಿಸತಕ್ಕದ್ದಲ್ಲ. ಬೇಕಾದುದು ಅಂತರವಷ್ಟೆ.

ಥೈರಾಕ್ಸಿನ್ ಅನ್ನು ಎದ್ದೊಡನೆ ಬರಿಹೊಟ್ಟೆಯಲ್ಲಿ ಬರಿಯ ನೀರಿನೊಡನೆ ಸೇವಿಸಬೇಕು. ಅನಂತರ ಅರ್ಧದಿಂದ ಒಂದು ಗಂಟೆ ಏನನ್ನೂ ಸೇವಿಸಬಾರದು. ಕಾಫಿಯೂ ಹೀರಿಕೆಗೆ ಅಡ್ಡಿ. (ಕನ್ನಡಿಗರಿಗೆ ಇದೇ ಕಠಿಣ ಪಥ್ಯ!) ಕಬ್ಬಿಣ, ಕ್ಯಾಲ್ಸಿಯಂ, ಖನಿಜಯುಕ್ತ ಮಲ್ಟಿವಿಟಮಿನ್, ಅಲ್ಯೂಮಿನಿಯಂ ಅಥವಾ ಮೆಗ್ನೀಷಿಯಂ ಇರುವ ಆಮ್ಲಶಾಮಕ ಇವುಗಳಿಗೂ ಥೈರಾಕ್ಸಿನ್‌ಗೂ ನಾಲ್ಕು ಗಂಟೆಗಳ ಅಂತರವಿರಲಿ. ಕಬ್ಬಿಣ ಮತ್ತು ಕ್ಯಾಲ್ಸಿಯಂಗಳೂ ಪರಸ್ಪರ ಹೊಂದುವುದಿಲ್ಲವಾದುದರಿಂದ ಒಂದನ್ನು ಮಧ್ಯಾಹ್ನ, ಇನ್ನೊಂದನ್ನು ರಾತ್ರಿ ಸೇವಿಸುವುದು ಅನುಕೂಲ. ರಾಗಿಯಲ್ಲಿಯೂ ಸುಣ್ಣದಂಶ ಹೇರಳವಾಗಿದೆ. ಬೆಳಗಿನ ಗಂಜಿಯನ್ನು ಬಿಡಬೇಕಾಗಿಲ್ಲ, ಗುಳಿಗೆ ನುಂಗಿದೊಡನೆ ಕುಡಿಯದಿದ್ದರಾಯಿತು. ಅಯೊಡೀನ್ ಗುಳಿಗೆಗಳನ್ನಾದರೋ ವೈದ್ಯರ ಅಪ್ಪಣೆಯಿಲ್ಲದೆ ಮುಟ್ಟಕೂಡದು.

ಈವರೆಗೆ ಎಲ್ಲವನ್ನೂ ಒಟ್ಟಿಗೆ ಸೇವಿಸುತ್ತಿದ್ದು ಈಗ ವೇಳೆಯನ್ನು ಬದಲಿಸುವವರು ಮೊದಲೇ ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರಗಳಲ್ಲಿ ಟಿ.ಎಸ್.ಎಚ್. ಪರೀಕ್ಷೆ ಮಾಡಿಸತಕ್ಕದ್ದು, ಹೀರಿಕೆ ಸುಧಾರಿಸಿದ ಮೇಲೆ ಹಳೆಯ ಪ್ರಮಾಣವೇ ಅತಿಯಾಗಿರಲೂಬಹುದು. ಹೋಗುವಾಗ ಊರಿನ ಚೀಟಿ, ಇಲ್ಲಿನ ಚೀಟಿ ಎರಡನ್ನೂ ಕೈಯಲ್ಲಿಟ್ಟುಕೊಂಡು ಹೋಗಬೇಕು.